ಎಲ್ಲಿಗೆ ಎಂದು ಕೇಳದ ಬೆಳಗು

ಕಟ್ಟಾಯ

ನಾನು ಅಂಜುಬುರುಕಿ. ಇದನ್ನು ಮೊದಲೇ ಹೇಳಿಬಿಟ್ಟರೆ ಓದುವವರಿಗೆ ಮುಂದಿನದೆಲ್ಲ ಸುಲಭ. ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಇಪ್ಪತ್ತೈದು ವರ್ಷದಿಂದ ಸಮಾಜ ಪಾಠ ಹೇಳುತ್ತಿದ್ದೇನೆ. ಸಹಾರಾ ಮರುಭೂಮಿಯನ್ನು ಗೋಡೆಯ ನಕ್ಷೆಯ ಮೇಲೆ ಕೋಲಿನಿಂದ ಎಷ್ಟು ಸಲ ತೋರಿಸಿದ್ದೇನೋ ನೆನಪಿಲ್ಲ. ನನಗೆ ಅದು ಬರೀ ಹಳದಿ ಬಣ್ಣವಾಗಿತ್ತು. ಹಾಗೇ ಇದ್ದಿದ್ದರೂ ನನ್ನ ಜೀವನಕ್ಕೇನೂ ಕಡಿಮೆಯಾಗುತ್ತಿರಲಿಲ್ಲ.

ಅಲ್ಲಿಗೆ ನನ್ನನ್ನು ಎಳೆದುಕೊಂಡು ಹೋದದ್ದು ಒಂದು ವಿಡಿಯೋ ಕ್ಯಾಸೆಟ್. ಅದು ಮನೆಗೆ ಬಂದಾಗ ನಾನಿನ್ನೂ ಈ ಮನೆಯ ಸೊಸೆಯಾಗಿರಲಿಲ್ಲ. ಆದರೆ ಆ ಕಥೆಯನ್ನು ಎಷ್ಟು ಸಲ ಕೇಳಿದ್ದೇನೆಂದರೆ, ನಾನೂ ನಮ್ಮ ಮಾವನ ಊರು ಕಟ್ಟಾಯದ ಆ ಮನೆಯ ಚಾಪೆಯ ಮೇಲೆ ಕೂತಿದ್ದೆ ಅನ್ನಿಸುತ್ತದೆ. ಗೌರಿ ಹಬ್ಬದ ಮಾರನೆಯ ದಿನ ನಮ್ಮ ಮಾವ ಹಾಸನದಿಂದ ಕಲರ್ ಟಿವಿ, ವಿಸಿಆರ್ ಬಾಡಿಗೆಗೆ ತಂದಿದ್ದರು. ಕೇಳಿದ್ದು ಪೌರಾಣಿಕ ಸಿನಿಮಾ. ಅಂಗಡಿಯವನು ಅವಸರದಲ್ಲಿ ಬೇರೆ ಡಬ್ಬಿ ಕಟ್ಟಿಕೊಟ್ಟಿದ್ದ. ಹಾಕಿ ನೋಡಿದರೆ ದೇವರೂ ಇಲ್ಲ, ಹಾಡೂ ಇಲ್ಲ. ಇಂಗ್ಲಿಷಿನ ಸಾಕ್ಷ್ಯಚಿತ್ರ, ತುಂಬ ಬೈಕು, ಧೂಳು. ಮಡಿಲಲ್ಲಿ ಹೂವು ಇಟ್ಟುಕೊಂಡು ಕೂತಿದ್ದ ಹೆಂಗಸರೆಲ್ಲ ಅಂಗಡಿಯವನ ವಂಶಕ್ಕೆಲ್ಲ ಶಾಪ ಹಾಕಿ ಎದ್ದು ಹೋದರಂತೆ. ಉಳಿದವರು ಮೂರೇ ಜನ: ನಮ್ಮ ಮಾವ, ಆಗ ಹನ್ನೆರಡು ವರ್ಷದವರಾಗಿದ್ದ ನಮ್ಮನೆಯವರು, ಅವರ ಸೋದರತ್ತೆಯ ಮಗ ಮಲ್ಲಿಪಟ್ಟಣದ ಶಿವಲಿಂಗ. ಟಿವಿ ವಾಪಸ್ ಕೊಡುವಷ್ಟರಲ್ಲಿ ಅದನ್ನೇ ಮೂರು ಸಲ ನೋಡಿದರಂತೆ.

ಅದರಲ್ಲಿದ್ದವರು ದೊಡ್ಡ ಶೂರರೇನಲ್ಲ. ವಾರವೆಲ್ಲ ಮರಗೆಲಸವೋ ರಿಪೇರಿಯೋ ಮಾಡಿಕೊಂಡಿರುವ ಜನ ರಜೆ ಬಂದರೆ ಬೈಕ್ ತೆಗೆದುಕೊಂಡು ಬಯಲಿಗೆ ಹೋಗುತ್ತಾರೆ, ಅಷ್ಟೇ. ಒಂದಕ್ಷರ ಇಂಗ್ಲಿಷ್ ಬಾರದ ನಮ್ಮ ಮಾವನಿಗೆ ಹಿಡಿಸಿದ್ದು ಅದೇ. "ನಮ್ಮಂಗೇ ಗೇಯೋ ಜನ ಕಣ್ಲಾ, ನೋಡು ಎಂಗ್ ಆಟ ಆಡ್ತಾವ್ರೆ!" ಅಂದರಂತೆ. ಮುಂದಿನ ಸುಗ್ಗಿಗೆ ಮನೆಗೆ ಹಳೆಯ ಬೈಕ್ ಬಂತು. ಆಮೇಲೆ ನಮ್ಮನೆಯವರಿಗೆ ಒಂದು, ಆಮೇಲೆ ಚನ್ನರಾಯಪಟ್ಟಣದಲ್ಲಿ ಬೈಕಿನ ಬಿಡಿಭಾಗಗಳ ಅಂಗಡಿ. ಆಮೇಲೆ ನಮ್ಮ ಮಗಳು ಇಂಚರ. ಅವಳು ಆ ಚಿತ್ರವನ್ನು ಫೋನಿನಲ್ಲಿ ನೋಡಿದಳು. ಹಾಸನದಲ್ಲಿ ಓದು ಮುಗಿಸಿ ಈಗ ಅಪ್ಪನ ಅಂಗಡಿಯಲ್ಲೇ ಇದ್ದಾಳೆ, ಅಪ್ಪನಿಗಿಂತ ಚೆನ್ನಾಗಿ ಬೈಕ್ ಓಡಿಸುತ್ತಾಳೆ.

ನಾನೂ ಅದನ್ನು ಒಮ್ಮೆ ಪೂರ್ತಿ ನೋಡಿದ್ದೇನೆ. ನನ್ನ ತಕರಾರು ಒಂದೇ. ಅದರಲ್ಲಿ ಬಿದ್ದವರೆಲ್ಲ ಎದ್ದು ಮೈ ಕೊಡವಿಕೊಂಡು ನಗುತ್ತಾರೆ. ನಮ್ಮ ಶಿವಲಿಂಗಣ್ಣ ಅವರ ಹಾಗೆ ಪೆಡಲಿನ ಮೇಲೆ ಎದ್ದು ನಿಂತು ಅರಕಲಗೂಡು ರಸ್ತೆಯ ತಿರುವಿನಲ್ಲಿ ಬಿದ್ದವರು ಎರಡು ವರ್ಷ ಸರಿಯಾಗಿ ಏಳಲಿಲ್ಲ. ಇವತ್ತಿಗೂ ಕೋಲು ಊರಿಕೊಂಡೇ ನಡೆಯುತ್ತಾರೆ. ನಾನು ಮದುವೆಯಾಗಿ ಬಂದ ವರ್ಷವೇ ಅದು ನಡೆದದ್ದು. ಅಂದಿನಿಂದ ಸಂಜೆ ಏಳು ಗಂಟೆಯಾದರೆ ನನ್ನ ಕಿವಿ ಬೀದಿಯಲ್ಲಿರುತ್ತದೆ. ಚನ್ನರಾಯಪಟ್ಟಣದ ಕಡೆಯಿಂದ ಆ ಒಂದು ಇಂಜಿನ್ನಿನ ಸದ್ದು ಕೇಳುವವರೆಗೆ ಒಲೆಯ ಮೇಲಿನ ಸಾರು ಕುದಿಯಿತೋ ಉಕ್ಕಿತೋ ನನಗೆ ತಿಳಿಯುವುದಿಲ್ಲ. ಮಗಳೂ ಓಡಿಸಲು ಶುರುಮಾಡಿದ ಮೇಲೆ ಎರಡು ಇಂಜಿನ್.

ಆ ಚಿತ್ರ ನೋಡಿ ಬೈಕ್ ಹಿಡಿದವರು ಲೋಕದಲ್ಲೆಲ್ಲ ಇದ್ದಾರೆ, ವರ್ಷಕ್ಕೊಮ್ಮೆ ಅವರಲ್ಲಿ ಕೆಲವರು ಮೊರಾಕ್ಕೋ ದೇಶದ ಮರುಭೂಮಿಯ ಅಂಚಿನಲ್ಲಿ ಸೇರಿ ಒಂದು ದಿನ ಒಟ್ಟಿಗೆ ಓಡಿಸುತ್ತಾರೆ ಎಂದು ಪತ್ತೆ ಹಚ್ಚಿದವಳು ಇಂಚರ. ಅಪ್ಪ ಮಗಳು ಎರಡು ವರ್ಷ ಗುಸುಗುಸು ಮಾಡಿ ಹೊರಟೇಬಿಟ್ಟರು. ಮನೆಯಲ್ಲಿ ಕೂತು ಹೆದರುವುದಕ್ಕಿಂತ ಕಣ್ಣೆದುರಿಗೇ ಹೆದರುವುದು ವಾಸಿ ಅಂತ ನಾನೂ ಹೊರಟೆ.

ಹೊರಡುವ ದಿನ ಮಾವನ ಕಾಲಿಗೆ ಬೀಳಲು ಕಟ್ಟಾಯಕ್ಕೆ ಹೋದೆವು. ಬೀದಿಯಲ್ಲಿ ಸೂಟ್‌ಕೇಸು, ಹೆಲ್ಮೆಟ್ಟು ಕಂಡು ಎದುರು ಮನೆಯ ಅಜ್ಜಿ, "ದೂರ ಒಂಟ್ರಾ?" ಅಂದರು. ಎಲ್ಲಿಗೆ ಅಂತ ಯಾರೂ ಕೇಳಲಿಲ್ಲ. ನಮ್ಮ ಕಡೆ ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದು, ಹೋದ ಕೆಲಸ ಕೆಡುತ್ತದೆ. ಹೊರಟವರು 'ಹೋಗ್ತೀನಿ' ಅನ್ನಬಾರದು, 'ಬತ್ತೀನಿ' ಅನ್ನಬೇಕು. "ಇಲ್ಲೇ ಕಣಜ್ಜಿ, ಬತ್ತೀವಿ" ಅಂದರು ನಮ್ಮನೆಯವರು. ಆಫ್ರಿಕಾ ಖಂಡಕ್ಕೆ ಹೊರಟವರು ಹಾಗೆ ಹೇಳಿ ಕಾರು ಹತ್ತಿದೆವು.

ಅಟ್ಲಾಸ್ ಘಟ್ಟ

ಆ ದೇಶದಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಓಡುತ್ತವೆ. ಪಾಠದಲ್ಲಿ ಎಷ್ಟೋ ಸಲ ಹೇಳಿಕೊಟ್ಟ ವಿಷಯ, ಆದರೆ ಅದು ಹೊಟ್ಟೆಯೊಳಕ್ಕೆ ಇಳಿದದ್ದು ಅಂದೇ. ಫೆಸ್ ಎಂಬ ಊರಿನ ವಿಮಾನ ನಿಲ್ದಾಣಕ್ಕೆ ನಮ್ಮನ್ನು ಕರೆದೊಯ್ಯಲು ಬ್ರಾಹಿಂ ಬಂದಿದ್ದ. ನಾವು ಉಳಿಯಬೇಕಾದ ಅತಿಥಿಗೃಹದ ಯಜಮಾನ, ನಲವತ್ತೈದರ ಆಸುಪಾಸು, ಮೊದಲು ಬೈಕ್ ಪಂದ್ಯದವರಿಗೆ ಮೆಕ್ಯಾನಿಕ್ ಆಗಿದ್ದವನು. ನನಗೆ ಗಾಡಿಯಲ್ಲಿ ವಾಂತಿಯಾಗುತ್ತದೆಂದು ಇಂಚರ ಮುಂದಿನ ಸೀಟಿನಲ್ಲಿ ಕೂರಿಸಿದಳು. ಅದು ನಮ್ಮೂರಲ್ಲಿ ಡ್ರೈವರ್ ಕೂರುವ ಜಾಗ! ನನ್ನ ಮುಂದೆ ಸ್ಟೇರಿಂಗ್ ಇಲ್ಲ, ಕಾಲಡಿ ಬ್ರೇಕ್ ಇಲ್ಲ, ಎದುರಿಗೆ ಬರುವ ಲಾರಿ ಮಾತ್ರ ಇದೆ. ದಾರಿಯುದ್ದಕ್ಕೂ ಇಲ್ಲದ ಬ್ರೇಕನ್ನು ಒತ್ತಿದೆ. ಮಧ್ಯಾಹ್ನದ ಹೊತ್ತಿಗೆ ಬಲಗಾಲಿನ ಮೀನಖಂಡ ಹಿಡಿದುಕೊಂಡಿತು.

"ನೀವು ಬ್ರೇಕ್ ಚೆನ್ನಾಗಿ ಹಾಕ್ತೀರಿ, ಮೇಡಂ," ಅಂದ ಬ್ರಾಹಿಂ ತನ್ನ ಇಂಗ್ಲಿಷಿನಲ್ಲಿ. ಹಿಂದೆ ಕೂತಿದ್ದ ಅಪ್ಪ ಮಗಳು ನಕ್ಕೂ ನಕ್ಕೂ ಸುಸ್ತಾದರು.

ಅಟ್ಲಾಸ್ ಬೆಟ್ಟ ಹತ್ತುವಾಗ ಅವರ ನಗುವೂ ನಿಂತಿತು. ನಮ್ಮ ಶಿರಾಡಿ ಘಾಟಿಯಲ್ಲಿ ಬಿದ್ದರೆ ಯಾವುದಾದರೂ ಮರವಾದರೂ ಹಿಡಿದುಕೊಂಡೀತು ಎಂಬ ಸಮಾಧಾನವುಂಟು. ಇಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ಬೋಳು ಬೆಟ್ಟ, ಕೆಳಗೆ ಬೋಳು ಕಣಿವೆ. ನಾನು ಕಣ್ಣು ಮುಚ್ಚಿಕೊಂಡೆ, ಮುಚ್ಚಿದರೆ ಇನ್ನೂ ಹೆದರಿಕೆಯಾಗಿ ತೆರೆದೆ.

ಬ್ರಾಹಿಮನಲ್ಲಿ ಒಂದು ಅಭ್ಯಾಸ ಕಂಡೆ. ಎಲ್ಲಿ ನಿಲ್ಲಿಸಲಿ, ಮತ್ತೆ ಹೊರಡುವ ಮುಂಚೆ ತಾಯಿಗೆ ಫೋನ್ ಮಾಡುತ್ತಿದ್ದ. ಈಗ ಇಂಥ ಊರು ಬಿಡುತ್ತಿದ್ದೇನೆ, ಇಂಥ ದಾರಿಯಲ್ಲಿ ಬರುತ್ತೇನೆ, ಇಂಥಲ್ಲಿ ಊಟ. ಇಷ್ಟು ವಯಸ್ಸಾದವನು ಇನ್ನೂ ಅಮ್ಮನ ಸೆರಗು ಬಿಟ್ಟಿಲ್ಲವಲ್ಲ ಅಂದುಕೊಂಡೆ. ಬೆಟ್ಟದ ಮೇಲಿನ ಒಂದು ಚಹಾದ ಅಂಗಡಿಯಲ್ಲಿ ಮುದುಕನೊಬ್ಬ ಗ್ಲಾಸು ಕೈಗೆ ಕೊಡುವ ಮೊದಲೇ ಕೇಳಿದ್ದು "ಎಲ್ಲಿಗೆ?" ಅಂತ. ಬ್ರಾಹಿಂ ಅದನ್ನು ಇಂಗ್ಲಿಷಿನಲ್ಲಿ ಹೇಳಿದ ಕೂಡಲೇ ನಾನು ನಮ್ಮನೆಯವರ ಮುಖ ನೋಡಿದೆ. ನಮ್ಮನೆಯವರು ನನ್ನ ಕಿವಿಯ ಹತ್ತಿರ ಬಂದು, "ಮುದುಕ ಸಕುನ ಕೆಡುಸ್ಬುಟ್ಟ ಕಣೆ," ಅಂದರು. ಇಬ್ಬರೂ ಐದು ನಿಮಿಷ ಸುಮ್ಮನೆ ಕೂತು ಎದ್ದೆವು. ಹಾಗೆ ಕೂತು ಎದ್ದರೆ ಪರಿಹಾರ ಎಂದು ನಮ್ಮ ಲೆಕ್ಕ.

ಎರ್ಫೂದ್

ಎರ್ಫೂದ್ ಮರುಭೂಮಿಯ ಬಾಗಿಲಲ್ಲಿರುವ ಊರು. ಊರ ಹೊರಗೆ ಖರ್ಜೂರದ ತೋಟದ ಪಕ್ಕ ಬ್ರಾಹಿಮನ ಮಣ್ಣಿನ ಗೋಡೆಯ ಮನೆ. ಅವನ ತಾಯಿಯನ್ನು ಎಲ್ಲರೂ ಯೆಮ್ಮ ಅನ್ನುತ್ತಿದ್ದರು, ಅಮ್ಮ ಎಂದೇ ಅರ್ಥ. ಎಪ್ಪತ್ತು ದಾಟಿದ ಗಟ್ಟಿ ಹೆಂಗಸು. ನಮ್ಮಿಬ್ಬರಿಗೂ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು, ಆದರೂ ಅಡಿಗೆಮನೆಯಲ್ಲಿ ಯಾವ ತೊಂದರೆಯೂ ಆಗಲಿಲ್ಲ. ನನ್ನ ಕೈಯಿಂದ ಒಂದು ಚೂರು ರೊಟ್ಟಿ ನೆಲಕ್ಕೆ ಬಿದ್ದಾಗ ಆಕೆ ಅದನ್ನು ಎತ್ತಿ ಮುತ್ತಿಟ್ಟು, ಯಾರೂ ತುಳಿಯದ ಹಾಗೆ ಗೋಡೆಯ ಗೂಡಿನಲ್ಲಿಟ್ಟಳು. ಚೆಲ್ಲಿದ ಅನ್ನವನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದ ನಮ್ಮತ್ತೆಯ ನೆನಪಾಯಿತು. ಆ ಮನೆಯಲ್ಲಿ ನನಗೆ ಹೆದರಿಕೆಯಾಗದ ಜಾಗ ಆ ಅಡಿಗೆಮನೆಯೊಂದೇ.

ಅಲ್ಲಿಗೆ ಬಂದಿದ್ದವರು ಹನ್ನೊಂದು ಜನ. ಒಬ್ಬರು ಬಡಗಿ, ಒಬ್ಬರು ಹಲ್ಲಿನ ಡಾಕ್ಟರು, ಒಬ್ಬಾಕೆ ನಿವೃತ್ತ ನರ್ಸು, ಮೊಮ್ಮಗಳನ್ನೂ ಕರೆತಂದಿದ್ದಳು. ಪರಿಚಯವಾದ ಕೂಡಲೇ ಅವರು ಕೇಳುತ್ತಿದ್ದದ್ದು ಹೆಸರಲ್ಲ, "ನೀವು ಅದನ್ನು ನೋಡಿದ್ದು ಎಲ್ಲಿ?" ಎಂದು. ಒಬ್ಬರು ಥಿಯೇಟರಿನಲ್ಲಿ ಅಪ್ಪನ ತೊಡೆಯ ಮೇಲೆ ಕೂತು ನೋಡಿದ್ದರು. ಒಬ್ಬರು ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾಗ ಟಿವಿಯಲ್ಲಿ. ಬ್ರಾಹಿಂ ಫ್ರೆಂಚಿನಲ್ಲಿ ನೋಡಿದ್ದನಂತೆ, ಒಂದು ಕಾಫಿ ಅಂಗಡಿಯ ಕಿಟಕಿಯ ಹೊರಗೆ ನಿಂತು. ಪೌರಾಣಿಕ ಸಿನಿಮಾದ ಬದಲು ಈ ಕ್ಯಾಸೆಟ್ ಬಂದ ಕಥೆಯನ್ನು ಇಂಚರ ಹೇಳಿದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಮ್ಮ ಮದುವೆಯಲ್ಲೂ ನಮ್ಮನೆಯವರಿಗೆ ಅಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ನನ್ನನ್ನೂ ಕೇಳಿದರು. "ನಾನು ನೋಡಿದ್ದು ಮದುವೆಯಾದ ಮೇಲೆ, ಅಷ್ಟು ಹೊತ್ತಿಗೆ ತಡವಾಗಿತ್ತು," ಅಂದೆ. ಅದಕ್ಕೂ ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ.

ಎರಡನೆಯ ದಿನ ಎಲ್ಲರೂ ಬ್ರಾಹಿಮನಿಂದ ಬಾಡಿಗೆಗೆ ಪಡೆದ ಬೈಕುಗಳಲ್ಲಿ ಮರಳಿನ ಗುಡ್ಡಗಳಿಗೆ ಹೋದರು. ಕೆಂಪು ಮರಳು, ಮನೆಗಿಂತ ಎತ್ತರ. ಇಂಚರ ಅದರ ಮೇಲೆ ಹತ್ತಿ ಇಳಿಯುವುದನ್ನು ನಾನು ಬೆರಳ ಸಂದಿಯಿಂದ ನೋಡಿದೆ. ಅವಳು ಬೀಳಲಿಲ್ಲ. ನಮ್ಮನೆಯವರು ನಾಲ್ಕು ಸಲ ಬಿದ್ದರು. ರಸ್ತೆಯ ಮೇಲೆ ಅವರನ್ನು ಮೀರಿಸುವವರಿಲ್ಲ, ಆದರೆ ಮರಳು ರಸ್ತೆಯಲ್ಲ. ಪ್ರತಿ ಸಲ ಬಿದ್ದಾಗಲೂ ಎದ್ದು ಹೊಹೊಹೋ ಎಂದು ನಕ್ಕರು. ನನಗೆ ಆ ನಗು ಗೊತ್ತು. ಅಂಗಡಿಗೆ ಯಾರೋ ಜಗಳಕ್ಕೆ ಬಂದಾಗ, ಮಾವನಿಗೆ ಎದೆನೋವು ಬಂದ ದಿನ ಡಾಕ್ಟರ ಎದುರು, ಅದೇ ನಗು ನಕ್ಕಿದ್ದರು. ಬೇಕಾದ್ದಕ್ಕಿಂತ ಒಂದು ಹಿಡಿ ಹೆಚ್ಚು ಜೋರು.

"ನನ್ ಮಗಳು ಕಣ್ರೀ ಅದು!" ಎಂದು ಎಲ್ಲರಿಗೂ ಕನ್ನಡದಲ್ಲೇ ಹೇಳಿಕೊಂಡು ತಿರುಗಿದರು. ಊಟಕ್ಕೆ ಕೂತಾಗ ಮಾತ್ರ ಅರ್ಧ ರೊಟ್ಟಿ ಬಿಟ್ಟು ಎದ್ದರು.

ಮೂರನೆಯ ಬೆಳಗು

ಬೆಳಕು ಹರಿದಿತ್ತಷ್ಟೆ. ನಾನು ತಾರಸಿಯ ಮೇಲೆ ಚಹಾದ ಗ್ಲಾಸು ಹಿಡಿದು ನಿಂತಿದ್ದೆ. ನಮ್ಮನೆಯವರು ಕೆಂಪು ಹೆಲ್ಮೆಟ್ ಹಾಕಿಕೊಂಡು ಅಂಗಳಕ್ಕೆ ಬಂದರು. ಮೇಲೆ ನೋಡಿ, "ಬತ್ತೀನಿ ಕಣೆ," ಅಂದರು.

"ಹೂಂ, ಬನ್ನಿ. ಹುಷಾರು."

ಅಷ್ಟೇ ಮಾತು. ಬೈಕು ಖರ್ಜೂರದ ಮರಗಳ ತನಕ ಹೋಗುವುದು ಕಾಣಿಸಿತು. ಅಲ್ಲಿ ದಾರಿ ಮೂರಾಗುತ್ತದೆ. ಕೂಗಿ ಕೇಳಲೇ ಎಂದು ಮಾತು ಗಂಟಲಿಗೆ ಬಂತು. ಹೊರಟವರನ್ನು ಹಿಂದಿನಿಂದ ಕೂಗುವುದು ಎಲ್ಲಿಗೆ ಅಂತ ಕೇಳುವುದಕ್ಕಿಂತ ದೊಡ್ಡ ತಪ್ಪು. ಚಹಾದ ಜೊತೆ ಮಾತನ್ನೂ ನುಂಗಿಕೊಂಡೆ. ಮರಗಳ ಹಿಂದೆ ಧೂಳು ಯಾವ ಕಡೆ ತಿರುಗಿತೋ ಕಾಣಲಿಲ್ಲ.

ಯೆಮ್ಮ ಕೆಳಗಿನಿಂದ ಏನೋ ಕೇಳಿದಳು. ಕೈಯನ್ನು ಮೂರು ಕಡೆಗೂ ತೋರಿಸಿದಳು. ಯಾವ ಕಡೆ ಹೋದ ಎಂದು ಕೇಳುತ್ತಿದ್ದಾಳೆ ಅಂತ ತಿಳಿಯಿತು. ಅಪಶಕುನವಾಗದಿರಲಿ ಎಂದು ಸುಮ್ಮನೆ ನಕ್ಕೆ. ಆಕೆ ಇನ್ನೊಮ್ಮೆ, ಜೋರಾಗಿ ಕೇಳಿದಳು. ನಾನು ಇನ್ನೊಮ್ಮೆ ನಕ್ಕೆ. ಆಕೆ ಎರಡೂ ಕೈ ಮೇಲೆತ್ತಿ ಗೊಣಗಿಕೊಂಡು ಒಳಗೆ ಹೋದಳು.

ಎಂಟು ಗಂಟೆಗೆ ತಿಂಡಿಗೆ ಬರುತ್ತಾರೆಂದುಕೊಂಡೆ. ಒಂಬತ್ತಾಯಿತು. ಕೋಣೆಗೆ ಹೋಗಿ ಫೋನ್ ಮಾಡಿದರೆ ಅವರ ಫೋನು ನನ್ನ ತಲೆದಿಂಬಿನ ಪಕ್ಕದಲ್ಲೇ ಬಡಿದುಕೊಂಡಿತು, ಚಾರ್ಜಿಗೆ ಹಾಕಿ ಬಿಟ್ಟು ಹೋಗಿದ್ದರು. ಒಂಬತ್ತೂವರೆಗೆ ಗಾಳಿ ಎದ್ದಿತು. ಮೊದಲು ಖರ್ಜೂರದ ಗರಿಗಳ ಸದ್ದು, ಆಮೇಲೆ ಕಿಟಕಿಯ ಗಾಜಿಗೆ ಮರಳು ಎರಚಿದ ಸದ್ದು. ಹತ್ತು ನಿಮಿಷದಲ್ಲಿ ಆಕಾಶ ಹುರಿಗಡಲೆ ಹಿಟ್ಟಿನ ಬಣ್ಣಕ್ಕೆ ತಿರುಗಿತು. ತೋಟವೇ ಕಾಣದಾಯಿತು.

ಬ್ರಾಹಿಂ ಓಡಿ ಬಂದು ಅಂಗಳದಲ್ಲಿ ಬೈಕುಗಳನ್ನು ಎಣಿಸಿದ.

"ಮಂಜು ಎಲ್ಲಿ?" ನಮ್ಮನೆಯವರ ಹೆಸರು ಮಂಜೇಗೌಡ, ಅವನಿಗೆ ಮಂಜು.

"ಹೋಗಿದ್ದಾರೆ."

"ಎಲ್ಲಿಗೆ?"

"ಕೇಳಲಿಲ್ಲ."

ಅವನು ನನ್ನ ಇಂಗ್ಲಿಷ್ ಸರಿಯಿಲ್ಲವೆಂದುಕೊಂಡು ಮತ್ತೆ ಕೇಳಿದ. ನಾನು ವಿವರಿಸಲು ಹೋದೆ. ನಮ್ಮಲ್ಲಿ ಕೇಳಬಾರದು, ಕೇಳಿದರೆ ಕೆಟ್ಟದಾಗುತ್ತದೆ, ಹಿರಿಯರು ಹೇಳಿದ್ದು. ಹೇಳುತ್ತಾ ಹೇಳುತ್ತಾ ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣಗಾಯಿತು. ಅವನು ನಗಲಿಲ್ಲ, ಬೈಯಲೂ ಇಲ್ಲ.

"ಇಲ್ಲಿ ಯಾರು ಎಲ್ಲಿಗೆ ಅಂತ ಕೇಳ್ತಾರೋ, ಬರದೆ ಹೋದರೆ ಹುಡುಕಿಕೊಂಡು ಹೋಗೋರು ಅವರೇ," ಅಂದ. "ಅದಕ್ಕೇ ಕೇಳೋದು. ನಮ್ಮಮ್ಮ ನಿಮ್ಮನ್ನು ಎರಡು ಸಲ ಕೇಳಿದಳಂತೆ."

ಹೊಳೆನರಸೀಪುರದಲ್ಲಿ ಆ ಪದ್ಧತಿ ನಡೆಯುತ್ತದೆ. ಅಲ್ಲಿ ಮೈಲಿಗೊಂದು ಊರಿದೆ, ಎಲ್ಲಿಗೆ ಹೋದರೂ ನಾಲ್ಕು ಜನರ ಕಣ್ಣಿಗೆ ಬೀಳುತ್ತಾರೆ, ಹೇಳದಿದ್ದರೂ ಊರಿಗೇ ಗೊತ್ತಾಗುತ್ತದೆ. ಇಲ್ಲಿ ನೋಡುವವರೇ ಇಲ್ಲ.

ಬ್ರಾಹಿಂ ಮೂರು ಬೆರಳೆತ್ತಿದ. ದಕ್ಷಿಣಕ್ಕೆ ನೆನ್ನೆಯ ಮರಳಿನ ಗುಡ್ಡ. ಪೂರ್ವಕ್ಕೆ ಕಲ್ಲು ಬಯಲು, ಅದರಾಚೆ ಗಡಿ, ಸೈನಿಕರು. ಪಶ್ಚಿಮಕ್ಕೆ ಸಮತಟ್ಟು ನೆಲ, ಹಳೆಯ ಬಾವಿಗಳ ಸಾಲು. "ಕಾರು ಒಂದೇ ಇದೆ. ಉಳಿದ ಬೈಕಿನವರಿಗೆ ದಾರಿ ಗೊತ್ತಿಲ್ಲ, ಈ ಗಾಳಿಗೆ ಬಿಟ್ಟರೆ ಅವರನ್ನೂ ಹುಡುಕಬೇಕು. ಒಂದು ಕಡೆ ಹೋಗಿ ಇಲ್ಲದಿದ್ದರೆ ಇನ್ನೊಂದು ಕಡೆಗೆ ಹೊತ್ತು ಸಾಲದು."

"ಅಪ್ಪ ಗುಡ್ಡಕ್ಕೇ ಹೋಗಿರೋದು," ಅಂದಳು ಇಂಚರ. ಮುಖ ಬಿಳಿಚಿಕೊಂಡಿತ್ತು. "ನೆನ್ನೆ ರಾತ್ರಿಯೆಲ್ಲ ಅದೇ ಮಾತು."

"ಇಲ್ಲ," ಅಂದೆ.

ಇಬ್ಬರೂ ನನ್ನ ಕಡೆ ನೋಡಿದರು. ನನಗೇ ಆಶ್ಚರ್ಯವಾಗುವಷ್ಟು ಗಟ್ಟಿಯಾಗಿ ಹೇಳಿದ್ದೆ. ನೆನ್ನೆ ನಾಲ್ಕು ಸಲ, ಅದೂ ಮಗಳ ಎದುರು ಬಿದ್ದವರು ಬೆಳಗ್ಗೆ ಎದ್ದು ಅಲ್ಲಿಗೇ ಹೋಗುವವರಲ್ಲ. ಮಾವ ಹೇಳುತ್ತಿದ್ದರು, ಇವರು ಹುಡುಗನಾಗಿದ್ದಾಗ ಬೈಕ್ ಕಲಿತದ್ದು ಯಾರೂ ಏಳುವ ಮುಂಚೆ ಬತ್ತಿದ ಕೆರೆಯ ಅಂಗಳದಲ್ಲಿ, ತಾನು ಬೀಳುವುದು ಯಾರ ಕಣ್ಣಿಗೂ ಬೀಳಬಾರದೆಂದು. ಇವತ್ತಿಗೂ ಅಂಥವರೇ. ಸಮತಟ್ಟಾಗಿ, ಸ್ವಲ್ಪ ಮರಳಿದ್ದು, ಯಾರೂ ಬಾರದ ಜಾಗ ಬೇಕು ಅವರಿಗೆ.

"ಪಶ್ಚಿಮ," ಅಂದೆ.

ಬ್ರಾಹಿಮನ ಮುಖ ಇಳಿದುಹೋಯಿತು. ಅದು ಸರಿಯಾದ ಉತ್ತರವೆಂದೂ, ಒಳ್ಳೆಯ ಉತ್ತರವಲ್ಲವೆಂದೂ ಒಟ್ಟಿಗೇ ಗೊತ್ತಾಯಿತು.

ಬಾವಿಗಳ ಸಾಲು

ಅಲ್ಲಿಯ ಹಿಂದಿನವರು ಬೆಟ್ಟದ ಬುಡದ ನೀರನ್ನು ನೆಲದೊಳಗಿನ ಸುರಂಗದಲ್ಲಿ ತೋಟಗಳಿಗೆ ತರುತ್ತಿದ್ದರು. ಸುರಂಗ ತೋಡಲು, ಹೂಳೆತ್ತಲು ಹತ್ತಿಪ್ಪತ್ತು ಮಾರಿಗೊಂದರಂತೆ ಬಾವಿ. ಈಗ ನೀರು ಬತ್ತಿದೆ, ಬಾವಿಗಳು ಬಾಯಿ ತೆರೆದುಕೊಂಡು ಮೈಲಿಗಟ್ಟಲೆ ಸಾಲಾಗಿ ಬಿದ್ದಿವೆ. ತೋಡಿದ ಮಣ್ಣು ಸುತ್ತ ಗುಡ್ಡೆಯಾಗಿ, ದೂರಕ್ಕೆ ಸಾಲು ಹುತ್ತದಂತೆ ಕಾಣುತ್ತದೆ. ಕೆಲವಕ್ಕೆ ಗುಡ್ಡೆಯೂ ಸವೆದು ಹೋಗಿದೆ. ಅಂಥವು ಹತ್ತಿರ ಹೋಗುವ ತನಕ ಕಾಣುವುದೇ ಇಲ್ಲ.

ಗಾಳಿ ತುಸು ಇಳಿದು ನಾಲ್ಕು ಮಾರು ಕಾಣುವಂತಾಗುತ್ತಲೇ ಬ್ರಾಹಿಂ ಕಾರಿನಲ್ಲಿ ಸಾಲಿನ ಆ ಬದಿಗೆ ಹೊರಟ. ಅವನು ಎಷ್ಟು ಬೇಡವೆಂದರೂ ಕೇಳದೆ ಈ ಬದಿಗೆ ಬೈಕಿನಲ್ಲಿ ಇಂಚರ. "ದಾರಿಯನ್ನೂ ನೋಡಿ ಅಪ್ಪನನ್ನೂ ಹುಡುಕೋಕೆ ನಿನಗಿರೋದು ಎರಡೇ ಕಣ್ಣು," ಎಂದು ನಾನು ಅವಳ ಹಿಂದೆ ಕೂತೆ. ಯೆಮ್ಮ ತನ್ನ ತಲೆಯ ವಸ್ತ್ರವನ್ನೇ ಬಿಚ್ಚಿ ನನ್ನ ಮುಖಕ್ಕೆ ಸುತ್ತಿ ಗಂಟು ಹಾಕಿದಳು. ಇಷ್ಟು ವರ್ಷ ನಮ್ಮನೆಯವರ ಹಿಂದೆ ಒಂದೇ ಕಡೆಗೆ ಕಾಲು ಹಾಕಿ ಕೂತವಳು, ಅಂದು ಚೂಡಿದಾರದಲ್ಲಿ ಎರಡೂ ಕಡೆ ಕಾಲು ಹಾಕಿ ಮಗಳ ಸೊಂಟ ತಬ್ಬಿಕೊಂಡೆ.

ಆ ಅರ್ಧ ಗಂಟೆಯನ್ನು ಬರೆಯಲು ಈಗಲೂ ಕೈ ಬರುವುದಿಲ್ಲ. ಪ್ರತಿ ಗುಡ್ಡೆ ಬಂದಾಗಲೂ ಅದರ ಬಾಯೊಳಗೆ ಇಣುಕಬೇಕಿತ್ತು. ಇಣುಕುವ ಮೊದಲು ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದೆ. ಕತ್ತಲು, ಖಾಲಿ. ಮುಂದಿನದು. ಕತ್ತಲು, ಖಾಲಿ. ಹಾಸನಾಂಬೆಗೆ ಏನೇನು ಹರಕೆ ಹೊತ್ತೆನೋ ನನಗೇ ಪೂರ್ತಿ ನೆನಪಿಲ್ಲ, ತೀರಿಸುವಾಗ ಅವಳೇ ನೆನಪಿಸಬೇಕು. ಬೆಳಗ್ಗೆ ಬಾಯಿ ಬಿಟ್ಟು ಒಂದು ಮಾತು ಕೇಳಿದ್ದರೆ ಎಂದು ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ. ಜೋರಾಗಿಯೇ ಬೈದುಕೊಂಡಿರಬೇಕು, ಇಂಚರ "ಅಮ್ಮ, ಸುಮ್ನಿರಮ್ಮ, ನಂಗೆ ಭಯ ಆಗುತ್ತೆ," ಅಂದಳು.

ಮೊದಲು ಕಂಡದ್ದು ಕೆಂಪು ಹೆಲ್ಮೆಟ್. ಬೈಕು ನೆಟ್ಟಗೆ ನಿಂತಿತ್ತು. ಪಕ್ಕದಲ್ಲಿ ಅವರೂ ನೆಟ್ಟಗೆ ನಿಂತಿದ್ದರು, ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು. ಬದುಕಿದ್ದಾರೆ! ನನ್ನ ಬಾಯಿಂದ ಬಂದದ್ದು ಕೂಗೋ ಅಳುವೋ ಗೊತ್ತಿಲ್ಲ. ಆದರೆ ಅವರು ಕೈ ಬೀಸಲಿಲ್ಲ, ತಲೆಯೂ ತಿರುಗಿಸಲಿಲ್ಲ.

"ಬರ್ಬ್ಯಾಡಿ! ಅಲ್ಲೇ ನಿಂತ್ಕಳಿ!" ಎಂದು ಕಿರುಚಿದರು. "ನೆಲ ಟೊಳ್ಳು! ಅಲ್ಲೇ ಇರ್ರೋ!"

ಆಗ ಕಂಡಿತು. ಮುಂದಿನ ಚಕ್ರದಿಂದ ಒಂದು ಮೊಳದಾಚೆ ನೆಲ ಕುಸಿದು ಕಪ್ಪು ಬಾಯಿ. ಬ್ರೇಕ್ ಹಾಕಿದಾಗ ಚಕ್ರದ ಮುಂದಿನ ಮಣ್ಣಿನ ಅಂಚು ಮುರಿದು ಒಳಗೆ ಬಿದ್ದಿತ್ತು. ಹಿಂದಕ್ಕೆ ಕಾಲಿಡಲು ನೋಡಿದರೆ ಅಲ್ಲೂ ಒಂದು ತಗ್ಗು. ಗಾಳಿ ಅವರು ಬಂದ ಚಕ್ರದ ಗುರುತನ್ನೆಲ್ಲ ಅಳಿಸಿತ್ತು. ಯಾವುದು ನೆಲ, ಯಾವುದು ಬಾವಿಯ ಮುಚ್ಚಳ ಎಂದು ತಿಳಿಯದೆ ಗಾಳಿ ಎದ್ದಾಗಿನಿಂದ ಹಾಗೇ ನಿಂತಿದ್ದರು.

ಇಂಚರ ಇಳಿಯಹೋದಳು. ಅವಳ ಭುಜ ಹಿಡಿದು ಒತ್ತಿದೆ. ಆ ಕಡೆಯಿಂದ ಬ್ರಾಹಿಂ ಬಂದ. ಸಾಲಿನ ಉದ್ದಕ್ಕೆ ನಡೆಯಬಾರದು, ಅಡ್ಡಕ್ಕೆ ನಡೆಯಬೇಕು ಎಂದು ಹೇಳಿ, ಸೊಂಟಕ್ಕೆ ಹಗ್ಗ ಕಟ್ಟಿ ಕಾರಿಗೆ ಬಿಗಿದು, ಕೋಲಿನಿಂದ ಕುಟ್ಟುತ್ತ ಒಂದೊಂದೇ ಹೆಜ್ಜೆ ಇಟ್ಟು ಅವರ ಹತ್ತಿರ ಹೋದ. ಭುಜ ಮುಟ್ಟಿ ಬಾ ಅಂದ. ಅವರು ಕದಲಲಿಲ್ಲ. ಎಳೆದ. ಅವರು ಹ್ಯಾಂಡಲ್ ಬಿಡಲೇ ಇಲ್ಲ. ಬ್ರಾಹಿಂ ತಿರುಗಿ ನನ್ನನ್ನು ಕರೆದ.

ನನ್ನ ಸೊಂಟಕ್ಕೂ ಹಗ್ಗ ಬಿತ್ತು. ಅವನ ಹೆಜ್ಜೆಗುರುತಿನ ಮೇಲೆ ಹೆಜ್ಜೆಯಿಟ್ಟು ಹನ್ನೊಂದು ಹೆಜ್ಜೆ ನಡೆದೆ. ಹತ್ತಿರ ಹೋಗಿ ನೋಡಿದರೆ ಅವರ ತುಟಿ ಒಡೆದಿತ್ತು, ರೆಪ್ಪೆಯ ತುಂಬ ಮರಳು.

"ಮಣ್ ಬಿದ್ದದ್ದು ಕೇಳುಸ್ತು ಕಣೆ," ಅಂದರು. "ಬಿದ್ದು ಎಷ್ಟೋ ಒತ್ತಾದ್ಮೇಲೆ ಕೇಳುಸ್ತು. ಅಷ್ಟು ಆಳ."

"ಆಯ್ತು, ಬನ್ನಿ."

"ಕಾಲು ಬತ್ತಿಲ್ಲ. ಮನ್ಸು ಏಳ್ತದೆ, ಕಾಲು ಬತ್ತಿಲ್ಲ."

"ನಂದೂ ಬರ್ತಿರಲಿಲ್ಲ ರೀ. ಬಂದೆ ನೋಡಿ."

ಅವರ ಬೆರಳುಗಳನ್ನು ಹ್ಯಾಂಡಲಿನಿಂದ ಒಂದೊಂದಾಗಿ ಬಿಡಿಸಿದೆ. ಬಿಡಿಸಿದ ಬೆರಳು ಬಂದು ನನ್ನ ಕೈ ಹಿಡಿಯಿತು. ಎಷ್ಟು ಬಿಗಿಯಾಗಿ ಎಂದರೆ ಬಳೆ ಎರಡು ಒಡೆದವು. ಹಾಗೇ ಹನ್ನೊಂದು ಹೆಜ್ಜೆ ವಾಪಸ್ ಬಂದೆವು. ಬೈಕನ್ನು ಬ್ರಾಹಿಂ ಆಮೇಲೆ ಹಗ್ಗ ಹಾಕಿ ಎಳೆದುಕೊಂಡ.

ಕಾರಿನಲ್ಲಿ ಅವರು ನನ್ನ ಭುಜದ ಮೇಲೆ ತಲೆಯಿಟ್ಟು ಅತ್ತರು. ನಾನು ಅಳಲಿಲ್ಲ, ನನಗೆ ಕೋಪ ಬಂದಿತ್ತು. ನಮ್ಮ ಮನೆಯಲ್ಲಿ ಹೆದರಿಕೆಯೆಲ್ಲ ನನ್ನೊಬ್ಬಳ ಪಾಲು ಅಂದುಕೊಂಡಿದ್ದೆ. ಅವರ ಪಾಲಿನದನ್ನು ಆ ದೊಡ್ಡ ನಗುವಿನ ಹಿಂದೆ ಮುಚ್ಚಿಟ್ಟುಕೊಂಡು, ನನ್ನನ್ನು ಊರಿಗೆಲ್ಲ ಪುಕ್ಕಲಿ ಅನ್ನಿಸಿದ್ದರು.

ಐದನೆಯ ದಿನ

ಎಲ್ಲರೂ ಸೇರಿ ಓಡಿಸುವ ದಿನ ಬಂತು. ನಮ್ಮನೆಯವರು ಹೆಸರು ತೆಗೆಸಿದ್ದರು. ಬೆಳಗ್ಗೆ ಇಂಚರ ಬೂಟಿನ ಪಟ್ಟಿ ಬಿಗಿಯುತ್ತಿದ್ದಾಗ ಅವಳ ಮುಂದೆ ಹೋಗಿ ಕುಕ್ಕರುಗಾಲಲ್ಲಿ ಕೂತರು.

"ಬ್ಯಾಡ ಬುಡು ಮಗಾ. ನೋಡಿದ್ದಾಯ್ತಲ್ಲ, ಊರ್ಗೋಗವ."

ಇಂಚರ ಅಪ್ಪನನ್ನು ನೋಡಿದಳು, ಆಮೇಲೆ ನನ್ನನ್ನು. ಇಷ್ಟು ವರ್ಷ ಈ ಮಾತನ್ನು ಯಾರಾದರೂ ನನ್ನ ಪರವಾಗಿ ಹೇಳಲಿ ಎಂದು ಕಾದಿದ್ದೆ. ಅವರ ಬಾಯಲ್ಲಿ ಕೇಳಿದಾಗ ಯಾಕೋ ಸಹಿಸಲಾಗಲಿಲ್ಲ. ಮಗಳ ಮುಖದ ಮೇಲಿನ ಬೆಳಕು ಆರುತ್ತಿತ್ತು.

"ಎಲ್ಲೆಲ್ಲಿಗೆ ಹೋಗ್ತೀರಾ, ಹೇಳು," ಅಂದೆ. ನಾಲಗೆ ತೊದಲಿತು. ಹೊರಟವರನ್ನು ಜನ್ಮದಲ್ಲಿ ಮೊದಲ ಸಲ ಕೇಳಿದ್ದು.

ಅವಳು ನೆಲದ ಮೇಲೆ ಬೆರಳಿನಿಂದ ಗೆರೆ ಎಳೆದಳು. ಇಲ್ಲಿಂದ ಒಣಗಿದ ಕೆರೆ, ಅಲ್ಲಿಂದ ಕಪ್ಪು ಗುಡ್ಡ, ಅಲ್ಲಿ ಊಟ, ನಾಲ್ಕು ಗಂಟೆಗೆ ವಾಪಸ್, ಹಿಂದೆ ಬ್ರಾಹಿಮನ ಕಾರು. ಯೆಮ್ಮನೂ ಬಂದು ಬಗ್ಗಿ ನೋಡಿ ತಲೆಯಾಡಿಸಿದಳು. "ಬಾ, ಹೋಗಿ ಬಾ," ಅಂದೆ.

ಓದುವವರು ನನ್ನ ಹಾಗೆ ಕಾಯುವುದು ಬೇಡ, ಈಗಲೇ ಹೇಳಿಬಿಡುತ್ತೇನೆ. ನಾಲ್ಕೂ ಹತ್ತಕ್ಕೆ ಅವಳು ಬಂದಳು, ಹಲ್ಲು ಬಿಟ್ಟು ಬೇರೆಲ್ಲ ಧೂಳಾಗಿ. ನಾನು ಹೇಳಬೇಕಾದದ್ದು ಅದಕ್ಕೆ ಮುಂಚಿನದು.

ಬೈಕುಗಳ ಧೂಳು ಅಡಗಿದ ಮೇಲೆ ನಾವಿಬ್ಬರೂ ತಾರಸಿಯ ಮೇಲೆ ಕೂತೆವು. ನಮ್ಮನೆಯವರಿಗೆ ಅಭ್ಯಾಸವಿರಲಿಲ್ಲ. ಕೂತರು, ಎದ್ದರು, ಗಂಟೆ ಕೇಳಿದರು. ಹತ್ತು ನಿಮಿಷ ಬಿಟ್ಟು ಮತ್ತೆ ಗಂಟೆ ಕೇಳಿದರು. ಚಹಾ ತರಿಸಿಕೊಂಡು ಕುಡಿಯಲು ಮರೆತರು. ದೂರದಲ್ಲಿ ಯಾರದೋ ಮೊಪೆಡ್ ಸದ್ದಾದರೆ ಗೋಡೆಯ ಅಂಚಿಗೆ ಓಡಿ ಹೋಗಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ಮೊಪೆಡ್ಡಿನ ಸದ್ದಿಗೂ ದೊಡ್ಡ ಬೈಕಿನ ಸದ್ದಿಗೂ ವ್ಯತ್ಯಾಸ ತಿಳಿಯದ ಮನುಷ್ಯರಲ್ಲ ಅವರು. ಮಧ್ಯಾಹ್ನದ ಊಟ ನನಗೆ ಇಳಿಯಿತು, ಅವರಿಗೆ ಇಳಿಯಲಿಲ್ಲ.

ಮೂರು ಗಂಟೆಯ ಹೊತ್ತಿಗೆ ಸ್ವಲ್ಪ ಗಾಳಿ ಬಂತು. ಸುಮ್ಮನೆ ಬೀಸುವ ಗಾಳಿ, ಏನೂ ಆಗಲಿಲ್ಲ. ಆದರೆ ಅವರು ನನ್ನ ಪಕ್ಕಕ್ಕೆ ಬಂದು ಕೂತು ನನ್ನ ಸೆರಗಿನ ಅಂಚು ಹಿಡಿದುಕೊಂಡರು.

"ಲೇ," ಅಂದರು, ದಾರಿಯಿಂದ ಕಣ್ಣು ತೆಗೆಯದೆ. "ದಿನಾ ಸಂಜೆ ಇಂಗೇ ಕೂತಿರ್ತಿದ್ದಾ ನೀನು?"

"ಹೂಂ."

"ಇಪ್ಪತ್ತಾರು ವರ್ಸಾನೂ?"

"ಹೂಂ."

ನನ್ನ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದರು. ಆಮೇಲೆ ಮೆಲ್ಲಗೆ ಕೇಳಿದರು.

"ಎಂಗ್ ತಡ್ಕಂಡೆ ಕಣೆ?"

"ತಡ್ಕೊಂಡೆ ಅಂತ ನಿಮಗ್ಯಾರು ಹೇಳಿದ್ರು?" ಅಂದೆ.